ದೀಪ ಆರಿದ ಮೇಲೆ

ಅವಸರ ಬೇಡ ಬೀಫಾತಿಮಕ್ಕ.
ಕೀಲಿ ಅರ್ಧ ತಿರುಗಿಸಿ, ಅಲ್ಲೇ ನಿಲ್ಲಿ.
ಸುರುಳಿ ಸುತ್ತಿದ ಆ ಕಿತ್ತಳೆ ದೀಪ ಕಂಡಿತಲ್ಲ,
ಒಳಗೆ ನಾಲ್ಕು ಕಡ್ಡಿ ಕೆಂಪಗೆ ಕಾಯುತ್ತಿವೆ ಅಂತ ಅರ್ಥ.
ದೀಪ ಆರಿದರೆ ಅಪಶಕುನ ಅನ್ನುತ್ತಿದ್ದಳು ನನ್ನಮ್ಮ.
ಈ ಡೀಸೆಲ್ ಬೆಂಜಿನಲ್ಲಿ
ದೀಪ ಆರಿದ ಮೇಲೆಯೇ ಹೊರಡುವುದು.

ಇಪ್ಪತ್ತೆರಡು ವರ್ಷ ಕುವೈತಿನಲ್ಲಿ
ಇನ್ಯಾರದೋ ಬೆಂಜು ಓಡಿಸಿ
ಕೊನೆಗೊಂದನ್ನು ತನ್ನದು ಮಾಡಿಕೊಂಡು ಹಡಗು ಹತ್ತಿಸಿದವರು
ನಿಮ್ಮ ಪಳ್ಳಿಕ್ಕುಂಞಿಚ್ಚ.
ಕೊಚ್ಚಿಯಲ್ಲಿ ಕಟ್ಟಿದ ಸುಂಕ ಕಾರಿಗಿಂತ ಭಾರ.
ಉಪ್ಪಳದ ಈ ಶೆಡ್ಡಿಗೆ ಆಗ ಮುಂಭಾಗವಿತ್ತು,
ಹೆದ್ದಾರಿ ಅದನ್ನಿನ್ನೂ ತಿಂದಿರಲಿಲ್ಲ.
'ಐತಪ್ಪಾ, ಬಾಗಿಲು ಹಾಕಿ ನೋಡು' ಅಂದರು.
ಹಾಕಿದೆ.
ಭತ್ತ ತುಂಬಿದ ಪತ್ತಾಯಕ್ಕೆ
ಮುಚ್ಚಳ ಬಿದ್ದ ಸದ್ದು.
'ಹಣ ಕೊಟ್ಟದ್ದು ಇದಕ್ಕೆ' ಅಂದರು,
ಮತ್ತೊಮ್ಮೆ ತೆರೆದು, ಮತ್ತೊಮ್ಮೆ ಹಾಕಿದರು.

ಕತೆಯೂ ಅವರದೇ. ಸುಲೈಮಾನಿ ಆರುವವರೆಗೆ ಹೇಳುತ್ತಿದ್ದರು:
ಜರ್ಮನಿಯಲ್ಲಿ ಒಬ್ಬ ಮೂರು ಚಕ್ರದ ಬಂಡಿ ಮಾಡಿ
ಕೊಳ್ಳುವವರಿಲ್ಲದೆ ಕೂತಿದ್ದನಂತೆ.
ಅವನು ಏಳುವ ಮೊದಲೇ ಹೆಂಡತಿ
ಮಕ್ಕಳಿಬ್ಬರನ್ನೂ ಹತ್ತಿಸಿಕೊಂಡು
ತವರಿಗೆ ಹೊರಟಳು, ಹೇಳದೆ ಕೇಳದೆ.
ಕಾಸರಗೋಡಿನಿಂದ ಮಂಗಳೂರಿಗೆ ಹೋಗಿ ಬಂದಷ್ಟು ದಾರಿ.
ಎಣ್ಣೆ ಮುಗಿದಾಗ ಔಷಧದ ಅಂಗಡಿಯಲ್ಲಿ
ಕಲೆ ತೆಗೆಯುವ ನೀರು ಕೊಂಡು ಸುರಿದಳು.
ನಳಿಗೆ ಕಟ್ಟಿತು, ಟೋಪಿಯ ಸೂಜಿಯಿಂದ ಚುಚ್ಚಿದಳು.
ತಂತಿ ಬತ್ತಲಾಯಿತು, ಕಾಲುಚೀಲದ ಪಟ್ಟಿ ಸುತ್ತಿದಳು.
ಬ್ರೇಕು ಸವೆಯಿತು, ಚಮ್ಮಾರನನ್ನು ಹುಡುಕಿ ತೊಗಲು ಹೊಡೆಸಿದಳು.
ಚಡಾವಿನಲ್ಲಿ ಮಕ್ಕಳು ದೂಡಿದರು.
'ಮೊದಲ ಮೆಕ್ಯಾನಿಕ್ಕು ಅವಳು, ನೀನೆಲ್ಲ ಆಮೇಲೆ.'

ಮರ್ಸಿಡಿಸ್ ಅನ್ನುವುದು ಕೂಡ
ಕಾರು ಮಾರುವವನೊಬ್ಬನ ಮಗಳ ಹೆಸರಂತೆ.
ಕರುಣೆ ಅಂತಂತೆ ಅರ್ಥ.
ಯುದ್ಧದ ಕಾಲಕ್ಕೆ ಅದೇ ಕಾರ್ಖಾನೆಯೊಳಗೆ
ಹಿಡಿದು ತಂದವರನ್ನು ಯಂತ್ರದ ಮುಂದೆ ನಿಲ್ಲಿಸಿ ದುಡಿಸಿದರಂತೆ.
ಅದನ್ನು ಹೇಳುವಾಗ ಅವರು
ಬಾನೆಟ್ಟಿನ ನಕ್ಷತ್ರ ಒರೆಸುತ್ತಿದ್ದ ಬಟ್ಟೆಯನ್ನು
ಮಡಚಿ ಕಿಸೆಗೆ ಹಾಕಿಕೊಂಡರು.
ಮರುದಿನ ಮತ್ತೆ ಒರೆಸಿದರು. ಸುಳ್ಳೇಕೆ ಹೇಳಲಿ.

ಅವರು ತೀರಿಕೊಂಡ ನಲವತ್ತಕ್ಕೆ
ನಿಮ್ಮ ದೊಡ್ಡ ಮಗ ಗಾಡಿ ತಂದ.
ಕೀಲಿ ತೆಗೆದು ನನ್ನ ಕೈಗಿಟ್ಟ.
ಎಂಜಿನು ನಿಲ್ಲಲಿಲ್ಲ.
ಬೆವರಿದ ಹುಡುಗ.
ಇದಕ್ಕೆ ನಿಲ್ಲು ಅನ್ನುವುದು ಕೀಲಿಯಲ್ಲ ಮಾರಾಯ,
ಗಾಳಿ ಹೀರುವ ಒಂದು ಸಪೂರ ರಬ್ಬರು ನಳಿಗೆ.
ಅದು ಬಿರುಕು ಬಿಟ್ಟರೆ ಸುದ್ದಿ ಮುಟ್ಟುವುದಿಲ್ಲ,
ಓಡುತ್ತಲೇ ಇರುತ್ತದೆ.
ಬಾನೆಟ್ಟು ಎತ್ತಿ ಒಳಗಿನ ಪಿಡಿ ಒತ್ತಿದೆ.
ಸುಮ್ಮನಾಯಿತು.
ಕಾಞಂಗಾಡಿನ ಗಿರಾಕಿ, ಮದುಮಗನ ಮೆರವಣಿಗೆ,
ಬಾಡಿಗೆಯ ಲೆಕ್ಕ, ಅವನು ಹೇಳುತ್ತ ಹೋದ.
ನಾನು ನಳಿಗೆ ಬದಲಿಸುತ್ತಿದ್ದೆ.

ಮಾರನೆಯ ದಿನ ರಿಕ್ಷಾದಲ್ಲಿ ನೀವು ಬಂದಿರಿ.
ಮಾರುವ ಮಾತಿಗೆ ಬಂದಿರಿ ಅಂದುಕೊಂಡೆ.
'ಕಲಿಸಿ ಕೊಡ್ಲಿಕ್ಕೆ ಆಗ್ತದಾ ಐತಪ್ಪ?'
ಇಷ್ಟು ವರ್ಷ ಹಿಂದಿನ ಸೀಟಿನಲ್ಲಿ
ಕಿಟಕಿ ಇಳಿಸಲೂ ಕೇಳಿಯೇ ಇಳಿಸಿದವರು.

ಬಾಯಾರಿಗೆ ಅಂದಿರಲ್ಲ, ನಿಮ್ಮ ಉಮ್ಮನ ಮನೆಗೆ?
ಮಗನಿಗೆ ಗೊತ್ತಿದೆಯೋ ಅಂತ ನಾನು ಕೇಳುವುದಿಲ್ಲ.
ದಾರಿಯಲ್ಲಿ ಚಡಾವಿದೆ. ಇದು ಎರಡನೇ ಗಿಯರಿನಲ್ಲಿ
ಗೊಣಗುತ್ತ ಹತ್ತುತ್ತದೆ, ಅವರ ಹಾಗೆಯೇ.
ಅರಬರ ಗಾಡಿ, ಸ್ಟಿಯರಿಂಗು ಎಡಕ್ಕೆ.
ಎದುರಿನಿಂದ ಬರುವವರ ಕಣ್ಣಿಗೆ
ಬಲಗಡೆ ಕೂತ ನಾನೇ ಓಡಿಸುವವನು,
ನೀವು ಸುಮ್ಮನೆ ಕೂತವರು.
ಅಂದುಕೊಳ್ಳಲಿ.

ತಲೆವಸ್ತ್ರದ ಸೂಜಿ ಹಲ್ಲಿನಲ್ಲಿ ಕಚ್ಚಿಕೊಂಡು
ಕನ್ನಡಿ ತಿರುಗಿಸುತ್ತಿದ್ದೀರಿ.
ಸರಿ, ಸಿಕ್ಕಿಸಿಕೊಳ್ಳಿ ಮೊದಲು.
ಕಾಲು ಕ್ಲಚ್ಚಿನ ಮೇಲೆ.
ಆರಿತು ನೋಡಿ.
ಈಗ.