ಅಂಚಿನದು

ಲೋಬೋ ಬಾಯಿಯವರು ಅದಕ್ಕ ಏನೋ ಒಂದು ಹೆಸರ ಅಂತಿದ್ರು,
ಮೂಗಿನಾಗ ಸುರುವಾಗಿ ನಾಲಿಗಿ ತುದೀಗೆ ಮುಗಿಯೂ ಹೆಸರ.
ಕ್ಯಾಂಪಿನ ಆ ಮನಿಯಾಗ ಹನ್ನೊಂದ ವರ್ಷ ದುಡದೀನಿ,
ಹೆಸರ ಮಾತ್ರ ಬಾಯಿಗೆ ಬರಲಿಲ್ಲ.
ಕೈಗೆ ಬಂತು.

ಇವತ್ತ ರವಿವಾರ. ಕಡೋಲಿ ಕಡೆಯ ಬಟಾಟಿ ಎರಡು ಕಿಲೋ,
ಮೈಮ್ಯಾಲ ಇನ್ನೂ ಹೊಲದ ಮಣ್ಣು.
ತೊಳದು, ಸಿಪ್ಪಿ ತಗದು,
ಈಳಿಗಿ ಮ್ಯಾಲ ಕುಂತು ಹೆಚ್ಚಿದೆ,
ರೂಪಾಯಿಯಷ್ಟು ತೆಳ್ಳಗ. ಹಳೇ ರೂಪಾಯಿ ಅಲ್ಲ,
ಈಗಿಂದು, ಊದಿದರ ಹಾರೂವಂಥಾದ್ದು.

ಅತ್ತಿ ನೀಲವ್ವ ಬಾಗಲದಾಗ ಕುಂತು
ಎಲಿಗೆ ಸುಣ್ಣ ಹಚ್ಚಿಕೋತ ಕೇಳ್ತಾಳ:
"ಒಗ್ಗರಣಿ ಯಾವಾಗ?"
ಒಗ್ಗರಣಿ ಇಲ್ಲತ್ತಿ.
"ಅರಿಷಿಣ?"
ಇಲ್ಲ.
"ಹಂಗಾದ್ರ ಇದು ಜಡ್ಡಿನವರ ಊಟ ಬಿಡು."

ಬೆಣ್ಣಿ ಕರಗಿಸಿ, ಮೈದಾ ಹುರದು, ಹಾಲು ಸುರುವಿದೆ.
ಗಂಟ ಆಗಬಾರದು. ಆದರ
ಬಾಯಿಯವರು ಬೈಯ್ತಿದ್ದಿಲ್ಲ,
ಸುಮ್ಮನ ನನ್ನ ಕೈಯಾಗಿನ ಚಮಚಾ ತಗೊಂಡು
ತಾವ ತಿರುವತಿದ್ರು.
ಆ ಸುಮ್ಮನ ಇರೂದು ಬೈಗಳಕ್ಕಿಂತ ಹೆಚ್ಚ ಸುಡತಿತ್ತು.

ಚೀಸು ಬೆಳ್ಳಿ ಕಾಗದ ಸುತ್ತಿದ್ದು.
ಮಗಳು ರೂಪಾಲಿ ತುರೀತಾಳ, ತುರದಷ್ಟ ತಿಂತಾಳ.
ಅತ್ತಿ ಒಂದ ಚೂರು ನಾಲಿಗಿ ಮ್ಯಾಲ ಇಟಗೊಂಡು
"ಸಬಕಾರ" ಅಂದಳು.
ಮತ್ತ ಕೈ ಚಾಚಿದಳು.

ಗಾಜಿನ ಪಾತ್ರಿ ಬಾಯಿಯವರದ,
ಗೋವಾಕ್ಕ ಹೋಗೂ ಮುಂದ ಕೊಟ್ಟದ್ದು.
ಅದರ ಒಂದೊಂದ ಗೀರೂ ನನಗ ಗೊತ್ತು.
ಒಂದ ಪದರ ಬಟಾಟಿ, ಒಂದ ಪದರ ಆ ಗಟ್ಟಿ ಹಾಲು,
ಉಳ್ಳಾಗಡ್ಡಿ, ಕರಿ ಮೆಣಸು,
ಮತ್ತ ನನ್ನ ಕಡಿಂದ ಎರಡು ಹಸಿಮೆಣಸಿನಕಾಯಿ.
ಅವರು ಇದ್ದಿದ್ರ ಹುಬ್ಬ ಏರಿಸ್ತಿದ್ರು.
ಏರಿಸಲಿ.
ಮ್ಯಾಲ ಚೀಸಿನ ಚಾದರ.

ಭಟ್ಟಿ ನಮ್ಮ ಮನಿಯಾಗ ಎಲ್ಲಿಂದ ಬರಬೇಕು?
ಅರಿವಿ ಸುತ್ತಿ, ತೊಡಿ ಮ್ಯಾಲ ಇಟಗೊಂಡು,
ಗಂಡನ ಸ್ಕೂಟರಿನ ಹಿಂದ ಕ್ಯಾಂಪಿಗೆ ಹೋದೆ.
ಬೇಕರಿ ದಸ್ತಗೀರ ಮುಂಜಾನಿ ಪಾವು ತಗದಿದ್ದ,
ಭಟ್ಟಿ ಇನ್ನೂ ಕಾವು ಬಿಟ್ಟಿರಲಿಲ್ಲ.
"ಎಷ್ಟ ಹೊತ್ತು?"
ನನಗೇನ ಗೊತ್ತು. ಆ ಮನಿಯಾಗ ಲೆಕ್ಕ ರೇಡಿಯೋದ್ದು,
ಎರಡು ಹಾಡು, ಒಂದು ವಾರ್ತೆ.
ದಸ್ತಗೀರ ನಕ್ಕ: "ವಾರ್ತೆ ಸಣ್ಣದೋ, ದೊಡ್ಡದೋ?"

ತಿರುಗಿ ಬರೂವಾಗ ರೈಲ್ವೆ ಗೇಟು ಬಿದ್ದಿತ್ತು.
ಮುಂದ ಕಬ್ಬಿನ ಟ್ರ್ಯಾಕ್ಟರು, ಬಾಜೂಕ ಒಂದು ಟೆಂಪೋ,
ನಡುವ ನಾನು, ಅರಿವಿ ದಾಟಿ ತೊಡಿ ಸುಡಾಕತ್ತಿತ್ತು.
ವಾಸನಿಗೆ ಯಾವ ಗೇಟು?
ಟೆಂಪೋದವ ಕುತಗಿ ಹೊರಗ ಹಾಕಿ
"ಕಾಯ ಆಹೇ ತೇ, ಮಾವಶಿ?" ಅಂದ.
ಬಟಾಟಾ, ಅಂದೆ.
ಅವ ನಂಬಲಿಲ್ಲ. ಗಾಡಿ ಹೋಗೂತನಕ
ನನ್ನ ಗಂಟಿನ ಕಡೆನ ನೋಡಿಕೋತ ನಿಂತ.

ಎಲ್ಲಾರ ತಾಟಿಗೂ ನಡೂದು ಹಾಕಿದೆ,
ಮೆತ್ತಂದು, ನೂಲಿನಂಗ ಎಳಿಯೂದು.
ಅಲ್ಲಿ ನಡೂದು ಮೇಜಿಗೆ ಹೋಗತಿತ್ತು,
ನನ್ನ ಹಂತೇಕ ಬರೂದು ಖಾಲಿ ಪಾತ್ರಿ.
ಅಂಚಿಗೆ ಹತ್ತಿದ್ದನ್ನ ಚೂರಿಲೆ ಕೆರದು,
ನಳ ಬಿಟ್ಟು, ಬಾಗಲಕ್ಕ ಬೆನ್ನ ಮಾಡಿ, ತಿಂತಿದ್ದೆ.
ಇವತ್ತ ನನ್ನ ತಾಟಿಗೂ ನಡೂದ ಬಡಿಸಿಕೊಂಡೆ.
ತಿಂದೆ.
ಚಲೋ ಐತಿ. ಖರೇನ ಚಲೋ ಐತಿ.
ಅತ್ತಿ ಅಂದಂಗ, ಜಡ್ಡಿನವರ ಊಟ.

ಕೈ ತಾನ ಹೋಗಿ ಚೂರಿ ತಗೊಂಡಿತ್ತು.
ಆ ಮೂಲಿ, ಕಂದು ಬಣ್ಣದ್ದು, ಗಾಜಿಗೆ ಅಂಟಿದ್ದು,
ಹಲ್ಲಿಗೆ ಸಿಕ್ಕರ ಕರ್ರ ಅನ್ನೂದು—

"ಅವ್ವಾ, ಯಾಕ ನಿಂತಿ?" ಅಂದಳು ರೂಪಾಲಿ.

ನಿಂತದ್ದು ನನಗ ಗೊತ್ತ ಆಗಿದ್ದಿಲ್ಲ.

ಪಾತ್ರಿ ತಗೊಂಡು ನೆಲಕ್ಕ ಕುಂತೆ.
ಅತ್ತಿ ಎಲಿ ಉಗಳಿ, ಬಾಯಿ ಮುಕ್ಕಳಿಸಿ ಬಂದು
ಸೀರಿ ಸರಿಸಿ ಬಾಜೂಕ ಕುಂತಳು:
"ಆ ಸುಟ್ಟದ್ದು ಒಂದಿಷ್ಟ ಇತ್ತಾಗ ಕೆರಿ."