ಹಿಂದಿನ ಗೇಟು

ವಿಳಾಸ ಬರೆದುಕೊಟ್ಟದ್ದು ಆಸ್ಪತ್ರೆಯ ನರ್ಸಮ್ಮ,
ಗುಳಿಗೆ ಚೀಟಿಯ ಬೆನ್ನಿಗೆ.
ಹದಿನೇಳು ದಿನ ಅಂಗಿಯ ಜೇಬಲ್ಲೇ ಇತ್ತು.
ಒಗೆಯುವಾಗ ನೆಂದು, ಕಲ್ಲಿನ ಮೇಲೆ ಒಣಗಿ,
ಮಸಿಯೆಲ್ಲ ಹರಡಿ ಉಳಿದದ್ದಿಷ್ಟು:
ಮಂಗಳವಾರ. ಏಳು. ಶಾಲೆಯ ಹಿಂದೆ.

ಯಾವ ಶಾಲೆ?
ಶಿಡ್ಲಘಟ್ಟದಲ್ಲಿ ಶಾಲೆಗೇನು ಬರವೇ,
ಬಾರುಗಳಿಗಿಂತ ನಾಲ್ಕು ಕಮ್ಮಿ ಇದ್ದಾವು.

ಬಾರಿನ ದಾರಿ ಯಾರನ್ನೂ ಕೇಳಿದವನಲ್ಲ ನಾನು.
ಕಣ್ಣು ಕಟ್ಟಿ ಬಿಟ್ಟರೂ ಕಾಲೇ ಒಯ್ಯುತ್ತಿತ್ತು.
ಇದಕ್ಕೆ ಮಾತ್ರ ಬಾಯಿ ಬರಲಿಲ್ಲ.
ಟೀ ಅಂಗಡಿಯವನಿಗೆ ಸುಳ್ಳು ಹೇಳಿದೆ:
'ಮಗಳಿಗೆ ಟ್ಯೂಷನ್ನು... ಸಂಜೆ ಇಲ್ಲೆಲ್ಲೋ ನಡೆಯುತ್ತಂತೆ.'
ಅವನು ಮುಖ ನೋಡಲಿಲ್ಲ, ನನ್ನ ಕೈ ನೋಡಿದ.
ಲೋಟದ ಟೀ ತಾನಾಗೇ ತುಳುಕುತ್ತಿತ್ತು.
'ದೊಡ್ಡವರ ಟ್ಯೂಷನ್ನಾ? ಹಿಂದಿನ ಗೇಟು.
ಚಪ್ಪಲಿ ಬಿಟ್ಟಿರ್ತಾರೆ, ನೋಡಿ.'
ಕಾಸು ಕೊಡಹೋದರೆ, ಮುಂದಿನ ವಾರ ಅಂದ.

ಒಂಬತ್ತು ಜೊತೆ ಚಪ್ಪಲಿ.
ಒಂದು ಹೆಂಗಸಿನದು.
ಬೇವಿನ ಮರದಡಿ ನಿಂತು ಎರಡು ಸಲ ಎಣಿಸಿದೆ.
ಒಳಗಿಂದ ಅಳು ಕೇಳಿಸೀತು ಅಂದುಕೊಂಡಿದ್ದೆ,
ಇಲ್ಲವೇ ಭಜನೆ.
ಕೇಳಿಸಿದ್ದು ನಗು.
ಗಾಬರಿಯಾಗಿ ಹೊರಟುಬಿಟ್ಟೆ.
ಅದು ಮೊದಲನೆಯ ಮಂಗಳವಾರ.
ಅಲ್ಲಿಂದ ಎಲ್ಲಿಗೆ ಹೋದೆನೆಂದು ಬರೆಯುವುದಿಲ್ಲ.
ಮಾರನೆಯ ಬೆಳಿಗ್ಗೆ ಚರಕದ ಮುಂದೆ
ಮೂರು ಸಲ ಎಳೆ ಹರಿದೆ.
ಖಲಂದರ್ ಸಾಬರು ಏನೂ ಅನ್ನಲಿಲ್ಲ,
ಬಂದು ಬಿಸಿನೀರಿಗೆ ತಾವೇ ಕೈಯಿಟ್ಟು
ಹರಿದದ್ದನ್ನು ಹೊಂದಿಸಿ ಹೋದರು.
ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ವಾರ ಚಪ್ಪಲಿ ಹತ್ತು ಜೊತೆ.
ಕೊನೆಯದರ ಉಂಗುಷ್ಠ ಕಿತ್ತಿತ್ತು, ನನ್ನದು.
'ರಾ ಸ್ವಾಮಿ, ಕೂಚೋ' ಅಂದ ಗಂಗಿರೆಡ್ಡಿ.
ಒಂದನೇ ಕ್ಲಾಸಿನ ಬೆಂಚು, ಮೊಣಕಾಲು ಗದ್ದಕ್ಕೆ ಬರುತ್ತೆ.
ಬೋರ್ಡಿನ ಮೇಲೆ ಹಗಲಿನ ಕಳೆಯುವ ಲೆಕ್ಕ ಅರ್ಧ ಒರೆಸಿದ್ದು.
ಯಾವೂರು, ಯಾರ ಪೈಕಿ,
ಯಾರೂ ಕೇಳಲಿಲ್ಲ.
ಹುಟ್ಟಿದಾಗಿನಿಂದ ಅದನ್ನು ಕೇಳಿಸಿಕೊಂಡೇ ಒಳಗೆ ಹೋದವನಿಗೆ
ಕೂರಲು ಜಾಗ ಸಾಲದೋ ಹೆಚ್ಚಾಯಿತೋ ತಿಳಿಯಲಿಲ್ಲ.

ಗಂಗಿರೆಡ್ಡಿ ಕಂಡಕ್ಟರಾಗಿದ್ದವನು.
'ಸೀಟಿ ಊದಿ ಎಷ್ಟೋ ಬಸ್ಸು ನಿಲ್ಸಿದೀನಿ,
ನನಗೆ ಮಾತ್ರ ರೈಟ್ ರೈಟ್ ಅಂತಲೇ ಹೋದೆ.'
ವಾರ ವಾರವೂ ಹೇಳುತ್ತಾನಂತೆ,
ವಾರ ವಾರವೂ ನಗುತ್ತಾರೆ.
ನಾನು ಹೆದರಿ ಓಡಿದ ನಗು ಇದೇ.

ಹೂ ಮಾರುವ ಮುನಿರತ್ನಮ್ಮ
ಸೆರಗಿನ ತುದಿ ಸುತ್ತುತ್ತ ಹೇಳಿದಳು:
'ಕೆಮ್ಮಿನ ಔಷಧಿ ಬಾಟ್ಲಿನಲ್ಲಿ ತುಂಬಿಡ್ತಿದ್ದೆ, ಯಾರಿಗೂ ಗೊತ್ತಾಗಬಾರದು ಅಂತ.
ಒಂದು ರಾತ್ರಿ ಮೊಮ್ಮಗನಿಗೆ ಕೆಮ್ಮು ಬಂತು.'
ಅಲ್ಲಿಗೇ ನಿಲ್ಲಿಸಿದಳು.
ಫ್ಯಾನು ಕಿರುಗುಟ್ಟಿತು.
ಆಮೇಲೆ? ಅಂತ ಯಾರೂ ಅನ್ನಲಿಲ್ಲ.

ನನ್ನ ಸರದಿ.
ಗೂಡು ಬೆಂದ ಮೇಲೆ ಕೈಯಾಡಿಸಿದರೆ
ಮೊದಮೊದಲು ಬರುವುದೆಲ್ಲ ಜುಂಗು,
ಎಳೆದೆಳೆದು ಎಸೆಯಬೇಕು.
ಹಾಗೇ ಬಂತು: ಅಪ್ಪನ ಚಟ, ಹೆಂಡತಿಯ ಬಾಯಿ,
ಗೂಡಿನ ರೇಟು, ರಾತ್ರಿ ಪಾಳಿ, ಮೈಕೈ ನೋವು,
ಬೆರಳ ಸಂದಿಯ ಹುಳುವಿನ ವಾಸನೆ
ಕುಡಿಯದೆ ಮೂಗಿಂದ ಹೋಗುವುದಿಲ್ಲ ಅಂತ.
ಯಾರೂ ತಡೆಯಲಿಲ್ಲ, ತಲೆಯೂ ಆಡಿಸಲಿಲ್ಲ.
ಮಾತು ಮುಗಿಯಿತು ಅನ್ನಿಸಿ ಎದ್ದೆ. ಕೂತೆ.
'ಪಿಳ್ಳಪ್ಪ ಅಂತ.
ಮಗಳ ಕಿವಿಯ ಓಲೆ ಮಾರಿದೀನಿ. ಅವಳು ಮಲಗಿದ್ದಳು.'

ಬೆರಳಿಗೆ ಅದು ಸಿಕ್ಕಾಗ ಗೊತ್ತಾಗುತ್ತೆ,
ಕಣ್ಣಿಗೆ ಕಾಣುವುದಿಲ್ಲ, ಅಷ್ಟು ಸಣ್ಣ.

'ಬನ್ನಿ ಪಿಳ್ಳಪ್ಪ' ಅಂದರು ಒಂಬತ್ತು ಜನ.
ಬಿಸ್ಕತ್ತಿನ ತಟ್ಟೆ ಬಂತು.

ಬಾಗಿಲಲ್ಲೇ ಹೆಂಡತಿ ಮೂಸಿದಳು.
ವಾಸನೆ ಸಿಗದೆ ಅನುಮಾನ ಹೆಚ್ಚಾಯಿತು:
'ಏನ್ ತಿಂದು ಮುಚ್ಚಿಕೊಂಡು ಬಂದೆ?'
ಬಿಸ್ಕತ್ತು ಅಂದೆ.
ಇಷ್ಟು ವರ್ಷಕ್ಕೆ ಒಂದು ನಿಜ ಹೇಳಿದ್ದು, ನಂಬಲಿಲ್ಲ.
ಮಗಳು ಗೋಡೆಯ ಕಡೆ ತಿರುಗಿ ಮಲಗಿದ್ದಳು,
ಕಿವಿಯಲ್ಲಿ ಬೇವಿನ ಕಡ್ಡಿ.

ಟೀ ಬಾಕಿ ಇನ್ನೂ ಕೊಟ್ಟಿಲ್ಲ.
ಮಂಗಳವಾರ ಹೇಗೋ ಆಯಿತು.
ನಾಳೆ ಬುಧವಾರ.