ಮೊದಲು ಮುರಿಯಬೇಕಾದದ್ದು

ಕೌಹಯೋಕಿಯ ಗುಜರಿಯಂಗಳದಲ್ಲಿ ಏಪ್ರಿಲ್ಲಿನ ಹಿಮ ಇನ್ನೂ
ವೋಲ್ವೊಗಳ ಸೀಟಿನ ಮೇಲೆ ಕೂತಿತ್ತು,
ಇಳಿಯುವ ಮನಸ್ಸಿಲ್ಲದ ಸವಾರಿಯ ಹಾಗೆ.
ಐರಿ ಚಿಕ್ಕಮ್ಮ ಹಿಂದಿನ ಅಚ್ಚಿನ ಕೆಳಗೆ ಅಂಗಾತ.
ಹಣೆಗೆ ಟಾರ್ಚು, ಬಾಯಲ್ಲಿ ಸೀಮೆಸುಣ್ಣ.

"ಎರಡೂ ಗಾಲಿ ಒಟ್ಟಿಗೆ. ಒಂದೇ ಸುತ್ತು. ನಿಧಾನ."
ಎಡಗಾಲಿಗೆ ನಾನು, ಬಲಗಾಲಿಗೆ ಗುಜರಿಯ ಸುಲೊ.
ಅವಳು ಎಣಿಸಿದ್ದು ಪ್ರೊಪೆಲ್ಲರ್ ಶಾಫ್ಟಿನ ಮೇಲೆಳೆದ ಬಿಳಿಗೆರೆಯನ್ನು:
ಒಂದು, ಎರಡು, ಮೂರು,
ಮೂರಾದ ಮೇಲೆ ಇನ್ನೊಂದು ಚೂರು.
"ಹೆದ್ದಾರಿಯ ಹಲ್ಲು. ಯಾರೋ ಪಾದ್ರಿಯ ಕಾರು. ಬೇಡ."

ಆರನೆಯದು ಮೀನು ಮಾರುತ್ತಿದ್ದವನ ಉದ್ದ ಗಾಡಿ,
ಡಿಕ್ಕಿಯಲ್ಲಿ ಈಗಲೂ ಹೊಗೆಯ ವಾಸನೆ.
ಗೆರೆ ನಾಲ್ಕು ಸುತ್ತು ಸುತ್ತಿ
ಬೆರಳಷ್ಟು ಮುಂದೆ ಹೋಗಿ ನಿಂತಿತು.
ಚಿಕ್ಕಮ್ಮ ಏನೂ ಅನ್ನಲಿಲ್ಲ. ಸ್ಪಾನರಿಗೆ ಕೈ ಚಾಚಿದಳು.

ನನಗೆ ಹದಿನಾರು. ನನಗೆ ಬೇಕಿದ್ದದ್ದು ವೇಗ.
ವೇಗ ಆಮೇಲೆ, ಎಳೆತ ಕೇಳು, ಅಂದಳು.
ಜಲ್ಲಿಗುಂಡಿಯ ಪಂದ್ಯದಲ್ಲಿ ನೇರ ದಾರಿ ಅಂದರೆ
ಎರಡು ತಿರುವಿನ ನಡುವೆ ಒಂದು ಉಸಿರು;
ಮೂರನೇ ಗೇರು ಬೀಳುವ ಹೊತ್ತಿಗೆ ಬ್ರೇಕು ಕರೆಯುತ್ತದೆ.
ಚಳಿಗಾಲವಿಡೀ ಪುರಸಭೆಯ ಹಿಮ ಗುಡಿಸುವ ಲಾರಿಗಳ
ಗೇರ್‌ಪೆಟ್ಟಿಗೆ ಬಿಚ್ಚುವವಳು ಅವಳು,
ಹಲ್ಲಿನ ಮಾತಿನಲ್ಲಿ ಅವಳಿಗೆ ಎದುರಾಡುವಂತಿಲ್ಲ.

ಡಿಫರೆನ್ಷಿಯಲ್ಲನ್ನು ಮೇಜಿನ ಮೇಲೆ ಬಿಚ್ಚಿಟ್ಟೆವು.
ತಿರುವಿನಲ್ಲಿ ಒಳಗಾಲಿ ಕಡಿಮೆ ನಡೆಯಲಿ, ಹೊರಗಾಲಿ ಹೆಚ್ಚು,
ಅಂಗಡಿಗೆ, ಚರ್ಚಿಗೆ ಹೋಗುವವರಿಗೆ ಈ ಸಭ್ಯತೆ ಸಾಕು.
ಕೆಸರಿನಲ್ಲಿ ಅದಕ್ಕೆ ಬುದ್ಧಿ ಕೆಟ್ಟು
ಹಿಡಿತವಿಲ್ಲದ ಗಾಲಿಗೇ ಸುತ್ತೆಲ್ಲ ಕೊಟ್ಟು ಕೂರುತ್ತದೆ.
"ಕಣ್ಣು ಮುಚ್ಚಿಕೋ," ಅಂದಳು.
ನೀಲಿ ಬೆಳಕು ರೆಪ್ಪೆ ದಾಟಿ ಬಂತು.
ತೆರೆದಾಗ ನಾಲ್ಕು ಹಲ್ಲುಗಾಲಿ ಒಂದೇ ಮುದ್ದೆ, ಇನ್ನೂ ಕೆಂಪು.

ಕೊನೆಗೆ ಉಳಿದದ್ದು ಶಾಫ್ಟಿನ ಕೀಲು.
ಸುಲೊ ಲಾರಿಯದೊಂದು ತಂದಿದ್ದ, ಬಟ್ಟೆಯಲ್ಲಿ ಸುತ್ತಿ,
ಮಗು ತೋರಿಸುವ ಹಾಗೆ ತೋರಿಸಿದ.
"ಹಾಕಿನೋಡು. ಜನ್ಮದಲ್ಲಿ ಮುರಿಯದು."
"ಅದೇ ತೊಂದರೆ," ಅಂದಳು ಚಿಕ್ಕಮ್ಮ.

ಗುದ್ದು ಎಲ್ಲಾದರೂ ಹೋಗಲೇಬೇಕಲ್ಲ.
ಪೆಟ್ಟಿಗೆ ಒಡೆದರೆ ಬೇಸಿಗೆಯೇ ಮುಗಿಯಿತು,
ಅಚ್ಚು ಮುರಿದರೆ ಗಾಲಿ ನಿನಗಿಂತ ಮೊದಲು ಮನೆಗೆ ಹೋಗುತ್ತದೆ.
ಕೀಲು ಹೋದರೆ ಹದಿನೈದು ಯೂರೋ, ಮುಕ್ಕಾಲು ಗಂಟೆ.
ಸಾದಾ ಕೀಲನ್ನೇ ಕೂರಿಸಿದಳು. ಶಾಫ್ಟು ನೆಲಕ್ಕೆ ಬೀಳದಿರಲೆಂದು
ಕೆಳಗೊಂದು ಕಬ್ಬಿಣದ ಬಳೆ ಬೆಸೆದಳು.
ಇನ್ನೊಂದು ಕೀಲು, ಟೇಪು ಸುತ್ತಿದ್ದು, ಡ್ಯಾಶಿನ ಖಾನೆಗೆ.

ಜೂನಿನಲ್ಲಿ ನಾನು ಮೂರನೆಯವಳಾಗಿ ಬಂದೆ. ಕೀಲು ತಡೆಯಿತು.
ಆಮೇಲೆ ನಿಯಮ:
ಎರಡು ಸಾವಿರ ಯೂರೋ ಇಟ್ಟವನಿಗೆ ಕಾರು ಕೊಡಲೇಬೇಕು,
ಒಲ್ಲೆ ಅಂದರೆ ಲೈಸೆನ್ಸು ಹೋಯಿತು.
ಐದು ಜನ ಬರೆದುಕೊಟ್ಟರು. ಚೀಟಿ ಎತ್ತಿದರು.
ಇಲ್ಮಯೋಕಿಯ ಹುಡುಗ, ಕೆಂಪು ಕಿವಿ,
ನನ್ನ ಸೀಟಿನ ಮೇಲೆ ಕೂತು ಕನ್ನಡಿ ಸರಿಮಾಡಿಕೊಂಡ.
ನಾನು ವ್ಯಾನಿನ ಹಿಂದೆ ಹೋದೆ.
ಚಿಕ್ಕಮ್ಮ ನೋಟು ಎಣಿಸಿದಳು, ಎರಡೆರಡು ಬಾರಿ.
"ಕೀಲಿನ ವಿಷಯ ಹೇಳಿದೆಯಾ ಅವನಿಗೆ?"
"ಅವನು ಕೇಳಲಿಲ್ಲ."

ಮುಂದಿನ ಭಾನುವಾರ ಬೇಲಿಯ ಹೊರಗೆ ಸಾಸೇಜು ತಿನ್ನುತ್ತ ನಿಂತಿದ್ದೆ.
ಎರಡನೇ ಸುತ್ತಿನ ಎಡತಿರುವಿನಲ್ಲಿ ಯಾರಿಗೂ ಕೇಳಿಸದ ಒಂದು ಟಕ್,
ಆಮೇಲೆ ಬಳೆಯೊಳಗೆ ಶಾಫ್ಟಿನ ಗಡಗಡ.
ಇಂಜಿನ್ನು ಕೂಗುತ್ತಿತ್ತು, ಕಾರು ನಡೆಯುತ್ತಿರಲಿಲ್ಲ.
ಆ ಗೇರ್‌ಪೆಟ್ಟಿಗೆ ಉಳಿಯಿತು ಎಂದು
ಯಾಕೋ ನನಗೆ ಸಂತೋಷವಾಯಿತು.

ಕೆಂಪು ಬಾವುಟ ಇಳಿಯಿತು. ಕಾರನ್ನು ಎಳೆದು ತಂದರು.
ಹುಡುಗ ಬಾನೆಟ್ ಎತ್ತಿ ಇಣುಕುತ್ತಿದ್ದ,
ಕಿವಿ ಇನ್ನಷ್ಟು ಕೆಂಪು.
ಸಾಸೇಜು ಬಿಸಾಕಿ ಬೇಲಿ ಹಾರಿದೆ,
ಚಿಕ್ಕಮ್ಮನ ಸ್ಪಾನರು ಹೇಗೋ ಜೇಬಿನಲ್ಲೇ ಇತ್ತು.
"ಅಲ್ಲಲ್ಲ," ಅಂದೆ. "ಕೆಳಗೆ.
ಮೊದಲು ಖಾನೆ ತೆಗಿ."